ಕಿಸೆಯಲ್ಲಿದ್ದ ನಾಲ್ಕು ರೀಡು

"ಇಲ್ಲ" ಎಂದು ಬಾಯಿಂದ ಬಿದ್ದ ಮೇಲೆಯೇ ಅಂದಪ್ಪನಿಗೆ ತಾನು ಏನು ಹೇಳಿದೆನೆಂಬುದು ತನ್ನ ಕಿವಿಗೆ ಕೇಳಿಸಿತು. ಕನಕಪ್ಪ ಕೇಳಿದ್ದು ದೊಡ್ಡದೇನೂ ಆಗಿರಲಿಲ್ಲ. ಹುನಗುಂದದ ಕಡೆಯ ಒಂದು ಹಳ್ಳಿಯಲ್ಲಿ ಸಾಲಿ ಮಾಸ್ತರಿಕೆ ಮಾಡುತ್ತಿದ್ದ, ಇಬ್ಬರು ಮಕ್ಕಳ ತಂದೆಯಾದ ಆತ ಪ್ರತಿ ರವಿವಾರ ಮೊದಲ ಬಸ್ಸಿಗೆ ಬಾಗಲಕೋಟೆಗೆ ಬಂದು ಅಂದಪ್ಪನ ಬಳಿ ಕ್ಲಾರಿಯೋನೆಟ್ ಕಲಿಯುತ್ತಿದ್ದ. ಇವತ್ತು ಅವನ ವಾದ್ಯದ ರೀಡು ಸೀಳಿತ್ತು. ಬೆತ್ತದ ಆ ತೆಳು ಚಕ್ಕೆ ಕೆಟ್ಟರೆ ಕ್ಲಾರಿಯೋನೆಟ್ ಬರಿಯ ಕರೀ ಕೊಳವೆ, ಊದಿದರೆ ಕಿರುಚುವುದೇ ಹೊರತು ಹಾಡುವುದಿಲ್ಲ. "ನಿಮ್ಮ ಕಡೆ ಒಂದು ಇದ್ರ ಕೊಡ್ರಿ ಸರ, ಮುಂದಿನ ವಾರ ತಂದು ಕೊಡ್ತೇನಿ" ಎಂದು ಕೇಳಿದ್ದ. ಅಂದಪ್ಪ ಇಲ್ಲ ಎಂದ. ಮೇಜಿನ ಖಾನೆ ಅರ್ಧ ತೆರೆದೇ ಇತ್ತು. ಅದರೊಳಗೆ ಮುಂಬಯಿಯಿಂದ ತರಿಸಿದ ರೀಡುಗಳ ಡಬ್ಬಿ, ಮುಚ್ಚಳ ಸರಿದು, ಹೊಸ ರೀಡುಗಳು ಹಳದಿಯಾಗಿ ಸಾಲಾಗಿ ಕಾಣುತ್ತಿದ್ದವು. ಕನಕಪ್ಪ ಅದನ್ನು ನೋಡಿದ. ನೋಡಿಲ್ಲವೆಂಬಂತೆ ಗೋಡೆಯ ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿ ಅಲ್ಲಿದ್ದ ತಾರೀಖುಗಳನ್ನು ಓದತೊಡಗಿದ. ಬೈದಿದ್ದರೆ ಆಗುತ್ತಿತ್ತು. ಆ ಮರ್ಯಾದೆಯೇ ಅಂದಪ್ಪನ ಮುಖಕ್ಕೆ ಹೊಡೆದಂತಾಯಿತು. "ಇರಬೇಕು ತಡಿ, ನೋಡ್ತೇನಿ" ಎಂದು ಖಾನೆಯೊಳಗೆ ಕೈ ಹಾಕಿ, ಕಾಗದಪತ್ರಗಳನ್ನು ಅತ್ತಿತ್ತ ಸರಿಸಿ, ಕಣ್ಣೆದುರಿಗಿದ್ದುದನ್ನೇ ಹುಡುಕುವ ಆಟ ಆಡಿ, ಒಂದನ್ನು ತೆಗೆದುಕೊಟ್ಟ. ಐವತ್ತೊಂದು ವರ್ಷದ ಗಂಡಸು. ಕನಕಪ್ಪ ಎರಡೂ ಕೈ ಒಡ್ಡಿ ತೆಗೆದುಕೊಂಡು "ಭಾಳ ಉಪಕಾರ ಆತ್ರಿ ಸರ" ಎಂದ.

ಆಮೇಲೆ ಪಾಠ ಸಾಗಲಿಲ್ಲ. ಕನಕಪ್ಪ ಊದುತ್ತಿದ್ದ ಸ್ವರಗಳು ಸರಿಯಾಗಿವೆಯೋ ತಪ್ಪಾಗಿವೆಯೋ ಅಂದಪ್ಪನಿಗೆ ತಿಳಿಯಲಿಲ್ಲ. ಅವನ ತಲೆಯಲ್ಲಿ ತನ್ನದೇ "ಇಲ್ಲ" ಮೊಳಗುತ್ತಿತ್ತು. ಅದು ಇವತ್ತಿನದಾಗಿರಲಿಲ್ಲ. ದನಿಯೂ ಅದೇ, ಗಂಟಲನ್ನು ಸ್ವಲ್ಪ ಸಡಿಲಿಸಿ, ಪಾಪ ಏನು ಮಾಡಲಿ ಎಂಬ ಎಳೆ ಸೇರಿಸಿ ಹೇಳುವ ರೀತಿಯೂ ಅದೇ. ಹದಿಮೂರು ವರ್ಷದ ಹಿಂದೆ ಒಮ್ಮೆ ಆಡಿದ ಮಾತು ಯಾರೂ ಕರೆಯದೆ ತಾನಾಗಿ ಎದ್ದು ಬಂದಿತ್ತು. ಅಂದರೆ ಇಷ್ಟು ವರ್ಷ ಅದು ಬಾಯಲ್ಲೇ ಇತ್ತೇನು? ಕನಕಪ್ಪನನ್ನು ಅರ್ಧಕ್ಕೇ ಕಳಿಸಿ ಅಂದಪ್ಪ ಅಂಗಿ ತೊಟ್ಟುಕೊಂಡ.

"ಉಣ್ಣೂ ಹೊತ್ತಿನ್ಯಾಗ ಎಲ್ಲಿಗೆ ಹೊಂಟ್ರಿ?" ಎಂದಳು ಹೆಂಡತಿ ಸಾವಿತ್ರೆವ್ವ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ.

"ಇಳಕಲ್ಲಿಗೆ. ಮಾಬುಬಿನ್ನ ನೋಡಿ ಬರ್ತೇನಿ."

"ನಿಮ್ಮ ಗುರು ಸುಭಾನಸಾಬರ ಮಗಳನ್ನ? ಅವರು ತೀರಿಕೊಂಡಾಗ ಸೈತ ಹೋಗಲಿಲ್ಲ ನೀವು. ಈಗೇನು ಬಂತು?"

ಅವನು ಚಪ್ಪಲಿ ಮೆಟ್ಟಿದ. ಹೊರಗೆ ಬಾಗಿಲ ಪಕ್ಕದ ಗೋಡೆಯ ಮೇಲೆ ಆಣೆಕಟ್ಟಿನ ಮುಳುಗಡೆ ಕಚೇರಿಯವರು ಬರೆದುಹೋದ ಕೆಂಪು ನಂಬರು ಬಿಸಿಲಿಗೆ ಹೊಳೆಯುತ್ತಿತ್ತು. ರೇಡಿಯೋದ ಪಗಾರದಿಂದ ಕೊಂಡ ಈ ಮನೆ ಎಂದೋ ಒಂದು ದಿನ ನೀರಿನಡಿ ಹೋಗುತ್ತದೆ ಎಂದು ಓಣಿಯವರೆಲ್ಲ ಕೂತಲ್ಲಿ ನಿಂತಲ್ಲಿ ಮಾತಾಡುತ್ತಿದ್ದರು. ಅಂದಪ್ಪನಿಗೆ ಆ ಮಾತು ಕೇಳಿದಾಗಲೆಲ್ಲ ಒಳಗೊಳಗೇ ಒಂದು ಸಮಾಧಾನವಾಗುತ್ತಿತ್ತು, ಅದಕ್ಕೂ ಅವನಿಗೆ ನಾಚಿಕೆಯಾಗುತ್ತಿತ್ತು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಏನು ಹೇಳಬೇಕು, ಎಲ್ಲಿಂದ ಸುರು ಮಾಡಬೇಕು ಎಂದು ಜೋಡಿಸುತ್ತ ಹೋದ. ಮಾಬುಬಿ, ಅವತ್ತ ನಾ ಸುಳ್ಳ ಹೇಳಿದ್ದೆ. ಅಲ್ಲ, ಮೊದಲು ಮನೆಯವರನ್ನೆಲ್ಲ ವಿಚಾರಿಸಬೇಕು. ಶಿರೂರು ಹೋಯಿತು, ಕಮತಗಿ ಹೋಯಿತು. ಜೋಳದ ಹೊಲಗಳು ಕಿಟಕಿಗುಂಟ ಹಿಂದೆ ಸರಿಯುತ್ತಿದ್ದವು, ಅವುಗಳ ನಡುವೆ ಎಲ್ಲಿಯೋ ಹನ್ನೆರಡು ವರ್ಷದ ತಾನು, ಇಳಕಲ್ಲಿನ ನೇಕಾರರ ಮನೆಯ ಹುಡುಗ, ಮದುವೆಯ ಮೆರವಣಿಗೆಯ ಹಿಂದೆ ಓಡುತ್ತಿದ್ದ. ಸುಭಾನಸಾಬರ ಬ್ಯಾಂಡಿನಲ್ಲಿ ಎಲ್ಲರ ದನಿ ಕೆಳಗಿದ್ದರೆ ಅವರ ಕ್ಲಾರಿಯೋನೆಟ್ ಒಂದೇ ಮಾಳಿಗೆಯ ಮೇಲೆ ಹತ್ತಿ ನಿಂತು ಕರೆಯುತ್ತಿತ್ತು. ಮೂರು ದಿನ ತಮ್ಮ ಬೆನ್ನ ಹಿಂದೆ ತಿರುಗಿದ ಹುಡುಗನನ್ನು ಅವರು ಮನೆಗೆ ಕರೆದು ವಾದ್ಯ ಬಾಯಿಗಿಟ್ಟಿದ್ದರು. "ಊದಬ್ಯಾಡಲೇ. ಸುಮ್ಮ ಉಸುರಾಡು, ಅದರೊಳಗ ಉಸುರಾಡು" ಎಂದಿದ್ದರು. ಆ ಮನೆಯಲ್ಲಿ ಅವನು ಹಗಲೆಲ್ಲ ಕಳೆದ. ಬಾಯಾರಿದಾಗ ಮಾತ್ರ ಓಣಿಯ ಆಚೆಯ ನಳಕ್ಕೆ ಹೋಗಿ ನೀರು ಕುಡಿದು ಬರುತ್ತಿದ್ದ, ಅವರ ಮನೆಯ ನೀರು ಕುಡಿಯಬಾರದೆಂದು ಅವ್ವ ತಾಕೀತು ಮಾಡಿದ್ದಳು. ಯಾಕೆ ಹೋಗುತ್ತೀ ಎಂದು ಅವರು ಯಾರೂ ಒಮ್ಮೆಯೂ ಕೇಳಲಿಲ್ಲ. ಕೇಳದೆ ಇದ್ದುದು ಈಗ, ಈ ಬಸ್ಸಿನಲ್ಲಿ, ಮೊದಲ ಸಲ ಅವನ ಗಮನಕ್ಕೆ ಬಂತು.

ಮಾಬುಬಿ ಹುಟ್ಟಿದ್ದು ಅವನು ಅಲ್ಲಿ ಕಲಿಯಲು ಹತ್ತಿದ ಎರಡು ವರ್ಷಕ್ಕೆ. ಅವಳನ್ನು ಎತ್ತಿ ಆಡಿಸಿದ್ದ. ಅವಳಿಗೆ ಯಾರೂ ಕಲಿಸಲಿಲ್ಲ, ಆ ಸಪ್ಪಳದ ಕೆಳಗೇ ಮಲಗಿ, ಆ ಸಪ್ಪಳದ ಕೆಳಗೇ ಎದ್ದವಳು. ಏಳು ವರ್ಷದವಳಿದ್ದಾಗ ಅವನು ಬಾರಿಸುವುದನ್ನು ಕೇಳಿ, ಗೋಲಿಯಾಡುತ್ತಿದ್ದವಳು ತಲೆ ಎತ್ತದೆ, "ಅಣ್ಣಾ, ಅದು ಇಳೀತು" ಎಂದಿದ್ದಳು. ನಿಜವಾಗಿಯೂ ಸ್ವರ ಇಳಿದಿತ್ತು. ಅಷ್ಟರಲ್ಲಿ ಅವನು ನಾಟಕ ಕಂಪನಿ ಸೇರಿದ್ದ, ರಂಗದ ಕೆಳಗಿನ ತಗ್ಗಿನಲ್ಲಿ ಹಾರ್ಮೋನಿಯಂ ಮಾಸ್ತರನ ಬಲಕ್ಕೆ ಕೂತು ಬಾದಾಮಿ, ಗುಳೇದಗುಡ್ಡ, ಬಾಗಲಕೋಟೆ ಎಂದು ಊರೂರು ತಿರುಗುತ್ತಿದ್ದ. ರಜೆಯಲ್ಲಿ ಬಂದಾಗಲೆಲ್ಲ ಅವಳ ಕೈ ಇನ್ನಷ್ಟು ಪಳಗಿರುತ್ತಿತ್ತು. ಅವಳು ಬಾರಿಸಿದರೆ ಸುಭಾನಸಾಬರು ಬೀಡಿ ಆರಿಸಿ ಕೂಡುತ್ತಿದ್ದರು. ಅವನು ಬಾರಿಸುವಾಗ ಸೇದುತ್ತ ಇರುತ್ತಿದ್ದರು. ಆದರೆ ಹೆಣ್ಣುಮಗಳು ಬ್ಯಾಂಡಿನ ಮುಂದೆ ನಿಂತು ಊರ ಬೀದಿಯಲ್ಲಿ ಊದುವುದುಂಟೆ? ಅವಳ ಬಾಜಿ, ಆ ಕ್ಲಾರಿಯೋನೆಟ್, ಮನೆಯ ಹಿತ್ತಲಿನಲ್ಲೇ ಉಳಿಯಿತು. ಎಪ್ಪತ್ತೆರಡರಲ್ಲಿ ಕಂಪನಿ ಮುಚ್ಚಿ ಅಂದಪ್ಪ ಕೈಬೀಸಿಕೊಂಡು ಮನೆಗೆ ಬಂದ ವರ್ಷವೇ ರೇಡಿಯೋದ ವಾದ್ಯವೃಂದಕ್ಕೆ ಒಬ್ಬ ಕ್ಲಾರಿಯೋನೆಟ್‌ನವರು ಬೇಕೆಂಬ ಸುದ್ದಿ ಬಂತು. ಸುಭಾನಸಾಬರ ಮುಖ ಅವತ್ತಿನಂತೆ ಅರಳಿದ್ದನ್ನು ಅವನು ಮತ್ತೆ ನೋಡಲಿಲ್ಲ. "ರೇಡಿಯೋದಾಗ ಮಾರಿ ಯಾರಿಗೂ ಕಾಣಂಗಿಲ್ಲಲೇ ಅಂದಪ್ಪ! ದನಿ ಅಷ್ಟ ಹೋಗ್ತೈತಿ. ನನ್ನ ಮಗಳಿಗಂತನ ಮಾಡ್ಯಾರ ನೋಡು ಅದನ್ನ" ಎಂದರು. ಆಮೇಲೆ ಅವನ ಮುಖ ನೋಡಿ, "ನೀನೂ ಬರಕೊಳ್ಳಪಾ. ಯಾರಿಗೆ ಸಿಕ್ಕರೂ ನಮ್ಮ ಮನ್ಯಾಗ ಸಿಕ್ಕಂಗ" ಎಂದರು.

ಅಮೀನಗಡದಲ್ಲಿ ಬಸ್ಸು ನಿಂತಾಗ ಪಕ್ಕದಲ್ಲಿ ಕೂತವನು ಕರದಂಟಿನ ಪೊಟ್ಟಣ ಬಿಚ್ಚಿ ಮುಂದೆ ಹಿಡಿದ. ಅಂದಪ್ಪ ಬೇಡವೆಂದ. ಮುಂದಿನ ಹಲ್ಲುಗಳು ಅಲುಗಾಡುತ್ತಿದ್ದವು, ಮೂರು ವರ್ಷದಿಂದ. ಹಲ್ಲು ಸಡಿಲಾದ ಮೇಲೆ ರೇಡಿಯೋ ಬಿಡಬೇಕಾಯಿತು, ಈಗ ಅವನು ಬಾರಿಸುವುದಿಲ್ಲ, ಕಲಿಸುತ್ತಾನೆ. ಹತ್ತು ವರ್ಷ ವಾದ್ಯವೃಂದದ ಮೂರನೆಯ ಸಾಲಿನಲ್ಲಿ ಕೂತು ಬಾರಿಸಿದ್ದ. ಯಾರೂ ಅವನನ್ನು ಬೈಯಲಿಲ್ಲ, ಯಾರೂ ಅವನನ್ನು ನೆನಪಿಟ್ಟುಕೊಳ್ಳಲಿಲ್ಲ. ಹಾಡಿನ ನಡುವೆ ಅವನ ಪಾಲಿಗೆ ಬರುತ್ತಿದ್ದ ನಾಲ್ಕು ಸಾಲನ್ನು ಬಾರಿಸಿ ವಾದ್ಯ ಕೆಳಗಿಳಿಸಿದಾಗಲೆಲ್ಲ, ಅವಳಾಗಿದ್ದರೆ ಇದನ್ನು ಹೇಗೆ ಬಾರಿಸುತ್ತಿದ್ದಳು ಎಂಬುದು ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅದು ಅವನ ಪಗಾರದ ಜೊತೆಗೇ ಬಂದದ್ದು, ತಿಂಗಳು ತಪ್ಪದೆ ಬಂದದ್ದು.

ಆ ದಿನ ಧಾರವಾಡದಲ್ಲಿ ಅವನೂ ಮಾಬುಬಿಯೂ ಪರೀಕ್ಷೆಗೆಂದು ರೇಡಿಯೋ ಕೇಂದ್ರದ ಪಡಸಾಲೆಯ ಬಾಕಿನ ಮೇಲೆ ಕೂತಿದ್ದರು. ಸುಭಾನಸಾಬರು ನಮಾಜಿಗೆ ಹೋಗಿದ್ದರು. ಬುರ್ಖಾದೊಳಗಿಂದ ಕೈ ಹೊರತೆಗೆದು ಮಾಬುಬಿ ಒಂದೇ ಒಂದು ಸ್ವರವನ್ನು, ಮಂದ್ರದ್ದು, ಮೆಲ್ಲಗೆ ಹಿಡಿದಳು. ಅಷ್ಟೆ. ಪಡಸಾಲೆಯಲ್ಲಿದ್ದ ಜವಾನ ಕೈಯಲ್ಲಿದ್ದ ಫೈಲು ಮರೆತು ನಿಂತ. ಅಂದಪ್ಪನಿಗೆ ಆ ಕ್ಷಣದಲ್ಲಿ ಎಲ್ಲವೂ ಗೊತ್ತಾಯಿತು. ಒಳಗಿದ್ದವರು ಇವಳನ್ನು ಕೇಳಿದ ಮೇಲೆ ತನ್ನನ್ನು ಕೇಳುವುದು ಬರೀ ಶಾಸ್ತ್ರಕ್ಕೆ. ಅವಳು ವಾದ್ಯ ತೊಡೆಯ ಮೇಲಿಡುವಾಗ ಬುರ್ಖಾದ ಅಂಚು ಸಿಕ್ಕಿ ರೀಡಿನ ತುದಿ ಮುರಿಯಿತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ತಂದೆಯ ಜೋಳಿಗೆಯಲ್ಲಿ ಬೇರೆ ಇದ್ದವು, ತಂದೆ ಮಸೂತಿಯಲ್ಲಿದ್ದರು. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕರೆದರು. "ಅಣ್ಣಾ, ಒಂದು ರೀಡು ಇದ್ರ ಕೊಡು" ಎಂದಳು. ಅವನ ಕೋಟಿನ ಎಡಕಿಸೆಯಲ್ಲಿ, ಗ್ರಾಮಫೋನು ಸೂಜಿಯ ಹಳೆಯ ತಗಡಿನ ಡಬ್ಬಿಯಲ್ಲಿ, ನಾಲ್ಕಿದ್ದವು. "ಇಲ್ಲವ್ವಾ, ನಂದೂ ಇದೊಂದ ಐತಿ" ಎಂದ. ಹೇಳುತ್ತ, ಡಬ್ಬಿ ಸಪ್ಪಳ ಮಾಡದ ಹಾಗೆ ಕಿಸೆಯ ಮೇಲೆ ಕೈ ಒತ್ತಿದ. ಆಯಿತು. ಅವಳು ಒಳಗೆ ಹೋದಳು. ಮೇಲಿನ ಸ್ವರಕ್ಕೆ ಏರುವಲ್ಲಿ ವಾದ್ಯ ಕಿರುಚಿತು, ಇನ್ನೊಮ್ಮೆ ಏರಲು ಹೋದಳು, ಮತ್ತೆ ಕಿರುಚಿತು. ಹೊರಬಂದವಳು ಅತ್ತಿರಲಿಲ್ಲ. "ನೀ ಛಲೋತ್ನಾಗಿ ಬಾರ್ಸಣ್ಣಾ" ಎಂದಳು. ಅವನು ಹೋಗಿ ಬಾರಿಸಿದ. ಅದನ್ನು ಅವನು ಇದುವರೆಗೆ ತನಗೂ ಸರಿಯಾಗಿ ಹೇಳಿಕೊಂಡಿರಲಿಲ್ಲ. ಆ ದಿನ ಅವನು ತನ್ನ ಜನ್ಮದಲ್ಲಿ ಎಂದೂ ಬಾರಿಸದಷ್ಟು ಚೆನ್ನಾಗಿ ಬಾರಿಸಿದ.

ಇಳಕಲ್ಲಿನಲ್ಲಿ ಇಳಿದಾಗ ಹೊತ್ತು ನೆತ್ತಿಯ ಮೇಲೆ ಬಂದಿತ್ತು. ಓಣಿಯ ತುಂಬ ಮಗ್ಗದ ಸಪ್ಪಳ. ಮಾಬುಬಿಯ ಗಂಡ ಕಲ್ಲಿನ ಖಣಿಗೆ ಹೋಗಿದ್ದ. ಅವಳು ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಸೀರೆಯ ಒಡಲಿನ ಹತ್ತಿ ಎಳೆಗಳಿಗೆ ಸೆರಗಿನ ರೇಶಿಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದಳು. ಮೂವತ್ತೇಳಕ್ಕೇ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ತಲೆ ಎತ್ತಿದವಳ ಮುಖ ಒಮ್ಮೆಗೇ ಬೆಳಕಾಯಿತು.

"ಅಯ್ಯ, ಅಂದಪ್ಪಣ್ಣ! ದಾರಿ ತಪ್ಪಿ ಬಂದ್ಯೇನೋ? ಬಾ, ಬಾ, ಕುಂದ್ರು. ಎಷ್ಟ ಸೊರಗಿ! ವೈನಿ ಉಣ್ಣಾಕ ಹಾಕ್ತಾಳೋ ಇಲ್ಲೋ?"

ಅವಳು ಚಾಪೆ ಹಾಸಿದಳು. ಅವನು ನೀರು ಕೇಳಿದ. ತಾನಾಗಿ ಕೇಳಿದ್ದು ಅದೇ ಮೊದಲು. ಅವಳು ತಂಬಿಗೆ ತಂದುಕೊಟ್ಟಳು, ಅವನು ಗಟಗಟ ಕುಡಿದ. ಅವಳು ಅವನನ್ನು ನೋಡಿದ ರೀತಿಯಲ್ಲಿ ಕಹಿಯ ಒಂದು ಎಳೆಯೂ ಇರಲಿಲ್ಲ. ಗೊತ್ತಿದ್ದೂ ಮನಸ್ಸಿನಿಂದ ತೆಗೆದುಹಾಕಿದ್ದಾಳೆ ಎಂದುಕೊಂಡ. ಬಸ್ಸಿನಲ್ಲಿ ಜೋಡಿಸಿದ ಮಾತುಗಳಿಗೆ ಧೈರ್ಯ ಬಂತು.

"ನೀ ಈಗ ಬಾರಸ್ತಿಯೇನು?" ಎಂದು ಕೇಳಿದ.

"ಎಲ್ಲೀದಣ್ಣಾ. ಅಬ್ಬಾ ಹೋದ ಮ್ಯಾಲ ಬಾಜಿ ಬ್ಯಾಂಡಿನವರಿಗೆ ಕೊಟ್ಟಬಿಟ್ಟೆ. ಮನ್ಯಾಗಿಟ್ರ ಕೈ ಬ್ಯಾಡಂದ್ರೂ ಕೇಳತಿದ್ದಿಲ್ಲ." ನಕ್ಕಳು. "ನೀ ರೇಡಿಯೋದಾಗ ಬಾರಸೂದು ಮಾತ್ರ ತಪ್ಪಸತಿದ್ದಿಲ್ಲ ನೋಡು. ಎಷ್ಟ ಜನ ಬಾರಸ್ಲಿ, ಅದರಾಗ ನಿಂದು ಯಾವದಂತ ಗೊತ್ತ ಹಿಡೀತಿದ್ದೆ."

"ಮಾಬುಬಿ," ಎಂದ ಅಂದಪ್ಪ. "ಅವತ್ತ ಧಾರವಾಡದಾಗ ನೀ ರೀಡು ಕೇಳಿದಿ. ನಾ ಇಲ್ಲ ಅಂದೆ. ನನ್ನ ಕಡೆ ಇದ್ದು."

ಅವಳ ಬೆರಳು ಎಳೆಯ ಮೇಲೆ ನಿಂತಿತು.

"ಎಷ್ಟಿದ್ದು?"

"ನಾಕು."

"ನಾಕು," ಎಂದಳು. ಆಮೇಲೆ, ಏನೋ ಲೆಕ್ಕಕ್ಕೆ ಬೇಕೆಂಬಂತೆ, "ಎಲ್ಲಿದ್ದು?"

"ಕೋಟಿನ ಕಿಸೆದಾಗ. ತಪ್ಪಾತವ್ವಾ ನಂದು. ಹದಿಮೂರು ವರ್ಷ ಆತು, ಒಂದಿನಾನೂ... ನೀ ಬೈ, ಬೇಕಾದ್ರ ನಾಕೇಟು ಹೊಡಿ. ಇಲ್ಲಾ ಮಾಫ್ ಮಾಡೇನಿ ಅಂತರೆ ಅನ್ನು."

ಅವಳು ಅವನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಎಳೆಗಳನ್ನು ನೋಡುತ್ತ ಮೆಲ್ಲನೆ ಹೇಳತೊಡಗಿದಳು, ಅವನಿಗಲ್ಲ ಎಂಬಂತೆ.

"ಅಬ್ಬಾ ಅವತ್ತ ಅಂದಿದ್ದಾ. ಹೊಳ್ಳಿ ಬರುವಾಗ, ಬಸ್ಸಿನ್ಯಾಗನ ಅಂದಾ. ಅವನ ಕಡೆ ಇರ್ತಾವವ್ವಾ, ಇಲ್ಲದಿದ್ರ ಅಂವ ಹೊಸ್ತಿಲ ದಾಟೂದಿಲ್ಲ, ನಾನ ಕಲಿಸೇನಿ ಅವಂಗ, ಅಂತ. ನನಗ ಸಿಟ್ಟ ಬಂತು. ಅಣ್ಣ ಸುಳ್ಳ ಹೇಳಂಗಿಲ್ಲ ಅಂದೆ. ಅಬ್ಬಾ ಬಿಡಲಿಲ್ಲ, ನಾನೂ ಬಿಡಲಿಲ್ಲ. ನಾಕು ವರ್ಷ, ಅಣ್ಣಾ. ನಿನ್ನ ರೇಡಿಯೋ ಹಚ್ಚಿದ್ರ ಅಬ್ಬಾ ಎದ್ದು ಹೊರಗ ಹೋಗ್ತಿದ್ದ. ಒಂದಿನ ನನಗ ತಡೀಲಿಲ್ಲ. ಅಬ್ಬಾ, ನಿನಗ ನಿನ್ನ ಶಿಷ್ಯನ ಮ್ಯಾಲ ಹೊಟ್ಟಿಕಿಚ್ಚು, ನೀ ಮುದುಕಾಗಿ, ನಿನ್ನ ಬ್ಯಾಂಡು ಯಾರೂ ಕರೆಯಂಗಿಲ್ಲ, ಅದಕ್ಕ ಅವನ ಹೆಸರಿಗೆ ಮಸಿ ಹಚ್ಚತಿ ಅಂದೆ. ಆಮ್ಯಾಲ ಅಂವ ಆ ಮಾತ ಎತ್ತಲಿಲ್ಲ. ನನ್ನ ಕೂಡ ಯಾವ ಮಾತೂ ಎತ್ತಲಿಲ್ಲ. ಉಣ್ಣಾಕ ಕೊಟ್ರ ಉಣ್ಣತಿದ್ದ. ಎರಡ ತಿಂಗಳಿಗೆ ಹೋಗಿಬಿಟ್ಟ."

ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳಿಗೆ ಗೊತ್ತಿತ್ತೆಂದು, ಗೊತ್ತಿದ್ದೂ ಸಹಿಸಿದ್ದಾಳೆಂದು ತನ್ನ ಪಾಪಕ್ಕೆ ಅವಳ ದೊಡ್ಡತನವನ್ನು ತಾನೇ ಹೊದಿಸಿಕೊಂಡು ಮಲಗಿದ್ದ. ಅವಳ ಬಳಿ ಒಂದೇ ಒಂದು ನಂಬಿಕೆ ಉಳಿದಿತ್ತು, ಅದರ ಆಸರೆಯಲ್ಲಿ ಅವಳು ತಂದೆಯ ಸಾವನ್ನು ಹೇಗೋ ದಾಟಿದ್ದಳು, ತಾನು ಬಸ್ಸು ಹತ್ತಿ ಬಂದು ಅದನ್ನು ಕಿತ್ತುಕೊಂಡ. ಯಾವುದಕ್ಕೆ? ಬೆಳಿಗ್ಗೆ ಕನಕಪ್ಪನೆದುರು ತನಗೆ ನಾಚಿಕೆಯಾಯಿತು ಎಂಬುದಕ್ಕೆ.

"ಮಾಬುಬಿ, ನನಗ ಗೊತ್ತಿದ್ದಿಲ್ಲ... ಮಾಫ್ ಮಾಡವ್ವಾ."

"ನಿನ್ನ ಮಾಫ್ ಮಾಡೂದು ಸಲೀಸೈತಿ," ಎಂದಳು ಅವಳು. "ಹುಡಿಗಿದ್ದೆ, ನೌಕರಿ ಹೋತು, ಹೋತು. ನನ್ನ ಯಾರು ಮಾಫ್ ಮಾಡ್ಬೇಕು?"

ಎದ್ದಳು. ಅರ್ಧ ಕೂಡಿಸಿದ ಎಳೆಗಳನ್ನು ಹಾಗೇ ಬಿಟ್ಟು, ಗೂಟದ ಮೇಲಿದ್ದ ಓಢಣಿ ತಲೆಯ ಮೇಲೆ ಹೊದ್ದುಕೊಂಡು ಹೊರಬಿದ್ದಳು. ಬಾಗಿಲನ್ನೂ ಎಳೆದುಕೊಳ್ಳಲಿಲ್ಲ. ಅಂದಪ್ಪ ಬಾಗಿಲೆಳೆದು, ಚಿಲಕ ಹಾಕಿ, ಅವಳ ಹಿಂದೆ ನಡೆದ. ಅವಳು ಹಿಂದಿರುಗಿ ನೋಡಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಮಗ್ಗದ ಸಪ್ಪಳ ಹಿಂದೆ ಬಿದ್ದು ಊರು ಮುಗಿಯಿತು. ಕೆಂಪು ಕಲ್ಲಿನ ದೂಳು ಕೂತ ಜಾಲಿಯ ಗಿಡಗಳ ಆಚೆ ಖಬರಸ್ತಾನದ ಮೋಟುಗೋಡೆ ಕಂಡಿತು. ಹೆಂಗಸರು ಒಳಗೆ ಹೋಗುವ ರೂಢಿ ಇರಲಿಲ್ಲ. ಅವಳು ಗೋಡೆಯ ಹೊರಗೆ, ಒಂದು ಮೂಲೆಯಲ್ಲಿ ನಿಂತಳು. ಎಲ್ಲಿ ನಿಂತರೆ ತಂದೆಯ ಗೋರಿ ಹತ್ತಿರ ಎಂಬುದು ಅವಳಿಗೆ ಗೊತ್ತಿತ್ತು. ಅಂದಪ್ಪ ದೂರದಲ್ಲೇ, ಜಾಲಿಯ ಗಿಡದ ಹರಕು ನೆರಳಿನಲ್ಲಿ ಉಳಿದ.

ಅವಳು ಎರಡೂ ಕೈ ಗೋಡೆಯ ಮೇಲಿಟ್ಟು ಮಾತಾಡತೊಡಗಿದಳು. ಮಾತು ಕೇಳಿಸುತ್ತಿರಲಿಲ್ಲ, ಬೆನ್ನು ಮಾತ್ರ ಕಾಣುತ್ತಿತ್ತು. ಮನೆಯಲ್ಲಿ ಕೂತ ತಂದೆಗೆ ಹೇಳುವ ಹಾಗೆ, ನಡುನಡುವೆ ಕೈ ಎತ್ತಿ, ತಲೆ ಅಲ್ಲಾಡಿಸಿ ಹೇಳುತ್ತಿದ್ದಳು. ಒಮ್ಮೆ ಊರಿನ ಕಡೆ ಕೈ ತೋರಿದಳು. ಬೆರಳು ತನ್ನ ಮೇಲೆ ಹಾದುಹೋದಂತಾಗಿ ಅಂದಪ್ಪ ತಲೆ ತಗ್ಗಿಸಿದ. ಹೋಗಿ ತಾನೂ ಆ ಗೋಡೆಯ ಪಕ್ಕ ನಿಲ್ಲಬೇಕೆನಿಸಿತು. ಆದರೆ ಅಲ್ಲಿಯೂ ತಾನು ಹೋದರೆ ಅವರಿಬ್ಬರ ನಡುವಿನ ಈ ಮಾತನ್ನೂ ಕೆಡಿಸಿದಂತೆ. ಅವಳು ಮಾತು ಮುಗಿಸಿದಳು. ಕಿವಿಗೊಟ್ಟವಳ ಹಾಗೆ ಕತ್ತು ತುಸು ವಾರೆ ಮಾಡಿ ನಿಂತೇ ಇದ್ದಳು. ಸ್ವಲ್ಪ ಹೊತ್ತು ಕಾದ ಮೇಲೆ ಓಢಣಿಯ ಸೆರಗಿನಿಂದ ಮುಖ ಒರೆಸಿಕೊಂಡು ಹಿಂದಿರುಗಿದಳು.

ಗಿಡದ ಹತ್ತಿರ ಬಂದಾಗ ಅವಳು ನಿಂತಳು. ಕಣ್ಣು ಕೆಂಪಗಾಗಿದ್ದವು, ಮುಖ ಮಾತ್ರ ಶಾಂತವಾಗಿತ್ತು, ಅಪರಿಚಿತವಾಗಿತ್ತು.

"ಮೂರಕ್ಕ ಬಾಗಲಕೋಟಿ ಬಸ್ಸೈತ್ರಿ," ಎಂದಳು. "ಬಿಸಲ ಭಾಳ ಐತಿ, ಹುಷಾರಿಲೆ ಹೋಗ್ರಿ."

ಹನ್ನೆರಡನೆಯ ವಯಸ್ಸಿನಿಂದ ಆ ಮನೆಯಲ್ಲಿ ಯಾರೂ ಅವನಿಗೆ ಬಹುವಚನ ಹಚ್ಚಿ ಮಾತಾಡಿರಲಿಲ್ಲ. ಅಂದಪ್ಪನ ಬಾಯಿಗೆ ತಂಗಿ ಎಂಬ ಮಾತು ಬಂತು, ಬಂದದ್ದು ಹಾಗೇ ನಿಂತಿತು. ಎದುರಿಗೆ ದಾರಿಯಲ್ಲಿ ಸಿಕ್ಕ ಯಾರೋ ಒಬ್ಬ ಹೆಣ್ಣುಮಗಳಿಗೆ ಹೇಳಿದಂತೆ ಅವನು ಹೇಳಿದ:

"ಹೋಗ್ತೇನ್ರಿ."